ಪಾಲಿಶ್ ಪೇಪರಿನ ಬೆನ್ನಿನ ಲೆಕ್ಕ

ಪೀಠೋಪಕರಣದ ಕಾರ್ಖಾನೆಯ ಪಾಲಿಶ್‌ನವನಿಗೆ ಅವನ ಹೆಂಡತಿ ಬೆಳಿಗ್ಗೆ ಎಡಗೆನ್ನೆ ಹಿಡಿದುಕೊಂಡೇ ಹೇಳಿದಳು: "ಹಲ್ಲಿನ ಡಾಕ್ಟ್ರು ನಾಲ್ಕು ಸಾವಿರ ಕೇಳ್ತಾರೆ. ನೀವು ಕಾರ್ಡಿನ ಬಡ್ಡಿ ಕಟ್ಟಿ ಬ್ಯಾಂಕಿನವರ ಹೊಟ್ಟೆ ತುಂಬಿಸ್ತಾ ಇರಿ."

ಕಾರ್ಡಿನಲ್ಲಿ ಅರವತ್ತು ಸಾವಿರ ಸಾಲ, ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ. ತಿಂಗಳಿಗೆ ಹತ್ತು ಸಾವಿರದಂತೆ ಅಸಲು ತೀರಿಸಿದರೂ ಆರು ತಿಂಗಳಿಗೆ ಬಡ್ಡಿಯೇ ಏಳು ಸಾವಿರದ ಮುನ್ನೂರೈವತ್ತು. ಟೈ ಕಟ್ಟಿಕೊಂಡು ಜೇಬು ಕತ್ತರಿಸುವುದೆಂದರೆ ಇದೇ. ಸಾಲವನ್ನು ಇನ್ನೊಂದು ಕಾರ್ಡಿಗೆ ವರ್ಗಾಯಿಸಿಕೊಳ್ಳುವ ಎರಡು ಸ್ಕೀಮಿನ ಚೀಟಿ ಜೇಬಿಗಿಟ್ಟುಕೊಂಡು ಅವನು ಕೆಲಸಕ್ಕೆ ಹೊರಟ.

ಕಾರ್ಖಾನೆಗೆ ಕಾಲಿಟ್ಟದ್ದೇ ತಡ, ಬಡಗಿಯಣ್ಣ ಚೀಟಿ ಕಿತ್ತುಕೊಂಡ. ಕುಶನ್ ಹೊಲಿಯುವ ಅಕ್ಕ ಕನ್ನಡಕ ಏರಿಸಿದಳು. ಇಬ್ಬರ ತಲೆಯ ಮೇಲೂ ಇಂಥದೇ ಸಾಲ. ಇಬ್ಬರೂ ಸೊನ್ನೆ ಬಡ್ಡಿಯ ಸ್ಕೀಮಿಗೇ ಜೋತುಬಿದ್ದರು.

"ಸೊನ್ನೆಗಿಂತ ಕಮ್ಮಿ ನಿನಗೆ ಯಾವ ಮಾವ ಕೊಡ್ತಾನಯ್ಯ?" ಎಂದ ಬಡಗಿ.

ಪಾಲಿಶ್‌ನವನಿಗೆ ಮೈ ಉರಿಯಿತು. ಪಾಲಿಶ್ ಪೇಪರಿನ ಬೆನ್ನಿಗೆ ಬಡಗಿಯ ಪೆನ್ಸಿಲ್ಲಿನಿಂದಲೇ ಲೆಕ್ಕಕ್ಕಿಳಿದ. ಸೊನ್ನೆ ಬಡ್ಡಿ ಮೂರೇ ತಿಂಗಳು, ಆಮೇಲೆ ಮತ್ತದೇ ಮೂರೂವರೆ. ಬಡ್ಡಿಗೆ ವರ್ಗಾವಣೆಯ ಶುಲ್ಕ ಸೇರಿ ಮೂರು ಸಾವಿರದ ಒಂಬೈನೂರು. ಎರಡನೆಯ ಸ್ಕೀಮು ಆರೂ ತಿಂಗಳು ನೂರಕ್ಕೆ ಒಂದು. ಶುಲ್ಕ ಸೇರಿ ಎರಡು ಸಾವಿರದ ಏಳುನೂರು. ಅಷ್ಟರಲ್ಲಿ ಬೀರುವಿನ ಬಾಗಿಲಿನ ಪಾಲಿಶ್ ಒಣಗಿ ಮೊಸಳೆ ಬೆನ್ನಿನಂತಾಗಿತ್ತು. ಯಜಮಾನ ಅರ್ಧ ದಿನದ ಕೂಲಿ ಮುರಿದ.

"ಮುರೀಲಿ ಬಿಡಿ. ನಾಲ್ಕು ಸಾವಿರದ ಆರುನೂರೈವತ್ತು ಉಳಿಸಿದೀನಿ," ಎಂದು ಅವನು ಎದೆ ಸೆಟೆಸಿದ. ಬಡಗಿ ಎರಡು ಸಲ ಕೂಡಿಸಿ, ಕಳೆದು, ಸೋತು ಕೈಮುಗಿದ.

ಮಧ್ಯಾಹ್ನ ಮೂವರೂ ಎರಡನೆಯ ಸ್ಕೀಮಿನ ಬ್ಯಾಂಕಿಗೆ ನುಗ್ಗಿದರು. ಅದು ಪಾಲಿಶ್‌ನವನದೇ ಬ್ಯಾಂಕು, ಹತ್ತು ವರ್ಷದ ಖಾತೆ. ತನಗಲ್ಲದೆ ಇನ್ಯಾರಿಗೆ ಕೊಟ್ಟಾರು ಎಂದು ಧಿಮಾಕಿನಿಂದಲೇ ಕೌಂಟರಿಗೆ ಮೊಣಕೈ ಊರಿದ. ಬಡಗಿಗೆ ಮಂಜೂರಾಯಿತು. ಅಕ್ಕನಿಗೂ ಆಯಿತು. ಅವನ ಕಾರ್ಡು ನೋಡಿ ಕೌಂಟರಿನ ಹುಡುಗಿ ನಕ್ಕಳು.

"ಸರ್, ಇದು ಬೇರೆ ಬ್ಯಾಂಕಿನ ಸಾಲಕ್ಕೆ ಮಾತ್ರ. ನೀವು ನಮ್ಮವರೇ ಅಲ್ವಾ?"

"ನಿಮ್ಮವನಾಗಿದ್ದೇ ತಪ್ಪಾಯ್ತಾ?"

ಹೌದೆನ್ನುವಂತೆ ಅವಳು ತಲೆಯಾಡಿಸಿದಳು. ಸೊನ್ನೆಯ ಬ್ಯಾಂಕಿಗಾದರೂ ಹೋಗೋಣವೆಂದು ಚೀಟಿ ತಿರುಗಿಸಿದರೆ, ಆ ಸ್ಕೀಮು ನಿನ್ನೆಗೇ ಮುಗಿದಿತ್ತು.

ಮಂಜೂರಾದ ಖುಷಿಯಲ್ಲಿ ಇಷ್ಟೆಲ್ಲ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಬಡಗಿ ಇರಲಿಲ್ಲ. ಇಂಥ ತಲೆ ಊರಿಗೊಂದಿರಬೇಕು ಎನ್ನುತ್ತಾ ಅವನನ್ನು ಹೆಗಲಿಗೇರಿಸಿಕೊಂಡು ಬೀದಿಗಿಳಿದ. ಅಕ್ಕ ಮುಂದೆ ಚಪ್ಪಾಳೆ ತಟ್ಟುತ್ತಾ ದಾರಿ ಬಿಡಿಸಿದಳು. ಅಂಗಡಿಗಳಿಂದ ಜನ ಹೊರಬಂದು ನೋಡಿದರು. ಅವನೂ ಗೆದ್ದವನಂತೆ ಎಲ್ಲರಿಗೂ ಕೈಬೀಸಿದ. ಕೆಳಗೆ ನಡೆಯುತ್ತಿದ್ದ ಇಬ್ಬರೂ ನೂರಕ್ಕೆ ಒಂದರ ಬಡ್ಡಿಗಿಳಿದಿದ್ದರು; ಹೆಗಲ ಮೇಲಿದ್ದವನೊಬ್ಬ ಮಾತ್ರ ಮೂರೂವರೆಯಲ್ಲೇ ಇದ್ದ.