ಕೃಷಿ ಹೊಂಡಕ್ಕಿಳಿದ ಯಜಮಾನರು

ಎರಡು ಹಸು, ಒಂದೂವರೆ ಎಕರೆ ಟೊಮೇಟೊ, ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು ಇರುವ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಆಗ ನಗುವುದಕ್ಕೆ ನನಗೆ ಪುರುಸೊತ್ತಿರುವುದಿಲ್ಲ, ಆಮೇಲೆ ಪಾತ್ರೆ ತೊಳೆಯುವಾಗ ನಗುತ್ತೇನೆ.

ತ್ಯಾಮಗೊಂಡ್ಲು ಹತ್ತಿರ ನಮ್ಮ ತೋಟ. ಯಜಮಾನರಿಗೆ ಸೋಂಪುರದ ಫ್ಯಾಕ್ಟರಿಯಲ್ಲಿ ಕೆಲಸ. ಬಿಪಿ ಇದೆ, ದಿನಾ ನಡೀರಿ ಅಂತ ಡಾಕ್ಟರು ಹೇಳಿದ್ದಕ್ಕೆ ಇವರು ಟ್ರಯಥ್ಲಾನಿಗೆ ಹೆಸರು ಕೊಟ್ಟು ಬಂದರು. ಮೊದಲು ಕೆರೆಯಲ್ಲಿ ಈಜಬೇಕು, ಆಮೇಲೆ ಸೈಕಲ್, ಆಮೇಲೆ ಓಟ. ಈಜೊಂದು ಕಲಿತರಾಯ್ತು ಅಂದರು.

೧. ಸೋಪು

ಒಂದು ಭಾನುವಾರ ಬೆಳಿಗ್ಗೆ ನಾನು ಹಾಲು ಕರೆಯುತ್ತಿದ್ದಾಗ ಯಾರಿಗೂ ಹೇಳದೆ ನಮ್ಮ ಕೃಷಿ ಹೊಂಡಕ್ಕೆ ಇಳಿದಿದ್ದಾರೆ. ಇಳಿಯುವುದು ಸಲೀಸು. ಹತ್ತಬೇಕಾದರೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಶೀಟು ಪಾಚಿ ಕಟ್ಟಿ ಜಾರುತ್ತದೆ. ನಾಲ್ಕು ಹೆಜ್ಜೆ ಹತ್ತುವುದು, ಜಾರಿ ಮುಳುಗುವುದು. ರೋಪು, ರೋಪು ಅಂತ ಕೂಗಿದ್ದು ಅತ್ತೆಗೆ ಕೇಳಿಸಿತು, ಆದರೆ ಅವರಿಗೆ ಕಿವಿ ಮಂದ. ಕೊಟ್ಟಿಗೆಗೆ ಬಂದು, ಮಗ ಹೊಂಡದಲ್ಲಿ ಸೋಪು ಕೇಳುತ್ತಿದ್ದಾನೆ, ಎಲ್ಲಿಟ್ಟಿದ್ದೀಯ ಅಂದರು.

ಹಸುವಿನ ಹಗ್ಗ ಬಿಚ್ಚಿಕೊಂಡು ಓಡಿದೆ. ಒಂದು ತುದಿ ಬೇವಿನ ಮರಕ್ಕೆ ಕಟ್ಟಿ ಇನ್ನೊಂದನ್ನು ಎಸೆದೆ. ಮೇಲೆ ಬಂದವರ ತುಟಿ ನೀಲಿ. ಅಷ್ಟರಲ್ಲಿ ಅತ್ತೆ ಸೋಪು ಹಿಡಿದುಕೊಂಡು ಬಂದು ಮಗನನ್ನು ನೋಡಿದರು.

"ಸೋಪಿಲ್ದೇನೇ ಮುಗಿಸ್ಬುಟ್ಯೇನ್ಲಾ?"

೨. ಅಂಗಾತ

ಆಮೇಲೆ ನೆಲಮಂಗಲದ ಈಜುಕೊಳಕ್ಕೆ ಸೇರಿದರು. ಡೈರಿಗೆ ಹಾಲು ಹಾಕುವ ಕೆಲಸವೂ ನನ್ನ ತಲೆಗೆ ಬಂತು. ಕೆರೆಯಲ್ಲಿ ಗಾಬರಿಯಾದರೆ ಕೈಕಾಲು ಬಡಿಯಬೇಡಿ, ಅಂಗಾತ ತೇಲಿ ನಿಧಾನ ಉಸಿರಾಡಿ, ಮನೆಯಲ್ಲೂ ಅಭ್ಯಾಸ ಮಾಡಿ ಅಂತ ಕೋಚ್ ಹೇಳಿದ್ದರಂತೆ. ಇವರು ಕಿವಿಗೆ ಹತ್ತಿ ಇಟ್ಟುಕೊಂಡು, ಕಣ್ಣು ಮುಚ್ಚಿ ಜಗಲಿ ಮೇಲೆ ಮಲಗಿದರು.

ಹಾಲಿಗೆ ಬಂದ ಪಕ್ಕದ ಮನೆಯಾಕೆ ಮೂರು ಸಲ ಕರೆದಳು. ಉತ್ತರವಿಲ್ಲ, ಹೋಗೇಬಿಟ್ಟರು ಅಂತ ಬೊಬ್ಬೆ ಹಾಕಿದಳಂತೆ. ನಾನು ಡೈರಿಯಿಂದ ಬರುವಷ್ಟರಲ್ಲಿ ಅರ್ಧ ಬೀದಿ ನಮ್ಮ ಅಂಗಳದಲ್ಲಿತ್ತು, ಇವರು ಎದ್ದು ಕೂತು ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು. ಒಂದು ಸಲ ಅಲ್ಲಾಡಿಸಿ ನೋಡಬಾರದಿತ್ತೇ ಅಂತ ಆಕೆಯನ್ನು ಕೇಳಿದೆ.

"ಎರಡು ಹಸ ಕಟ್ಕೊಂಡೋರು ಬೆಳಿಗ್ಗೆ ಎಂಟು ಗಂಟೆಗೆ ಮಲಗವ್ರೆ ಅಂದ್ರೆ, ಇನ್ನೇನಕ್ಕಾ ಅನ್ಕೋಬೇಕು?"

೩. ಕೆರೆ

ಸ್ಪರ್ಧೆಯ ದಿನ ನಾನೂ ಅತ್ತೆಯೂ ಕೆರೆ ದಡದಲ್ಲಿ ನಿಂತಿದ್ದೆವು. ಎಲ್ಲರೂ ಒಟ್ಟಿಗೆ ನೀರಿಗೆ ಬಿದ್ದರು. ಒಬ್ಬರ ಕಾಲು ಇನ್ನೊಬ್ಬರ ಮುಖಕ್ಕೆ. ಯಾರದೋ ಒದೆ ಬಿದ್ದು ಇವರ ಈಜು ಕನ್ನಡಕ ಹಾರಿತು, ನೀರು ಕುಡಿದರು, ಒಂದು ಕೈ ಮೇಲೆತ್ತಿದರು. ಕೈ ಎತ್ತಿದರೆ ಕಾಪಾಡಿ ಅಂತ ಅರ್ಥ. ಅತ್ತೆ ಮಾತ್ರ, ಮಗ ಗುರುತು ಹಿಡಿದ ಅಂತ ಖುಷಿಯಾಗಿ ಸೆರಗು ಬೀಸಿದರು.

ನಾನು ಮೊಣಕಾಲಿನವರೆಗೆ ನೀರಿಗಿಳಿದು ಬಾಯಿಗೆ ಬಂದಂತೆ ಕೂಗಿದೆ. ಬಿಪಿ, ಡಾಕ್ಟರು, ಟೊಮೇಟೊ ಕಡ್ಡಿ ಕಟ್ಟದೇ ಇರೋದು, ಎಲ್ಲಾ ಬಂತು. ಕಾವಲಿನ ದೋಣಿ ಹೋಯಿತು. ಇವರು ಅದರ ಅಂಚು ಹಿಡಿದು ಸ್ವಲ್ಪ ಹೊತ್ತು ಸುಧಾರಿಸಿಕೊಂಡರು. ಇನ್ನು ವಾಪಸ್ ಬರುತ್ತಾರೆ ಅಂದುಕೊಂಡೆ. ಇವರು ನೋಡಿದರೆ ದೋಣಿ ಬಿಟ್ಟು ಮತ್ತೆ ಮುಂದಕ್ಕೇ ಈಜಿ, ಎಲ್ಲರಿಗಿಂತ ಕೊನೆಗೆ ಆಚೆ ದಡ ಸೇರಿದರು.

ಆಮೇಲೆ ದೋಣಿಯವನು ಸಿಕ್ಕಾಗ ಕೈಮುಗಿದು, ಯಾಕಪ್ಪ ಕರ್ಕೊಂಡು ಬರಲಿಲ್ಲ ಅಂದೆ. ಅವನು ಸಂಕೋಚದಿಂದ ಇವರ ಮುಖ ನೋಡಿ ಹೇಳಿದ:

"ನಾನು ಕೇಳ್ದೆ ಅಕ್ಕಾ, ದಡಕ್ಕೆ ಬಿಡ್ಲಾ ಸಾರ್ ಅಂತ. ಒಂದು ಸಲ ನಿಮ್ ಕಡೆ ನೋಡಿ, ಬೇಡ ಗುರು, ನೀರೇ ವಾಸಿ ಅಂದ್ರು."