ಕಾರಿನ ಮೂಗಿಗೆ ಊದಿನಕಡ್ಡಿ

ಉಳಿವೆಪ್ಪನ ಅಂದಿನ ಫಜೀತಿಗೆಲ್ಲ ಕಾರಣ ಎರಡು ಊದಿನಕಡ್ಡಿ. ಅವನ್ನು ಹಚ್ಚಿದವನೂ ಅವನೇ, ಸಿಕ್ಕಿಸಿದವನೂ ಅವನೇ. ಹಾಗಾಗಿ ಬೇರೆ ಯಾರನ್ನಾದರೂ ಬೈದು ಹಗುರಾಗುವ ಸುಖವೂ ಅವನ ಪಾಲಿಗಿರಲಿಲ್ಲ.

ತಿಳವಳ್ಳಿಯ ಈ ಉಳಿವೆಪ್ಪ ಇಪ್ಪತ್ತು ವರ್ಷದಿಂದ ಬಾಡಿಗೆಯ ಟ್ರ್ಯಾಕ್ಸ್ ಜೀಪು ಓಡಿಸುತ್ತಿದ್ದ. ಓಡಿಸುವುದಕ್ಕಿಂತ ಕೂಗುವುದೇ ಹೆಚ್ಚು. ಹದಿನಾಲ್ಕು ಜನ ತುಂಬುವ ತನಕ ಬಸ್ ನಿಲ್ದಾಣದ ಮುಂದೆ ನಿಂತು ‘ಹಾನಗಲ್ಲ, ಹಾನಗಲ್ಲ’ ಎಂದು ಕೂಗಿ ಕೂಗಿ ಅವನ ಗಂಟಲು ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಡುತ್ತಿತ್ತು. ಕೂಗದೇ ಗಾಡಿ ಓಡಿಸುವ ಒಂದು ಕೆಲಸ ಸಿಕ್ಕರೆ ಸಾಕೆಂಬುದೇ ಅವನ ದೊಡ್ಡ ಆಸೆ.

ಅಂಥ ಕೆಲಸ ಹಿರೇಕೆರೂರಿನಲ್ಲಿತ್ತು. ಗೋವಿನಜೋಳದ ವ್ಯಾಪಾರಿ ಶಿವಾನಂದಪ್ಪ ಹೊಸ ಕಾರು ತಂದಿದ್ದರು, ಆದರೆ ಅಂಗಡಿ ಬಿಟ್ಟು ಏಳಲು ಅವರಿಗೆ ಪುರುಸೊತ್ತಿಲ್ಲ. ಹೆಂಡತಿ ನಾಗರತ್ನಾ ಮೂರು ವರ್ಷದ ಹಿಂದೆಯೇ ಲೈಸೆನ್ಸ್ ತೆಗೆಸಿದ್ದಳು. ಆದರೆ ಇಷ್ಟೊಂದು ಗುಂಡಿಗಳಿರುವ ಗಾಡಿ ಅವಳ ಕೈಯಿಂದಾಗದು ಎಂದು ಅತ್ತೆ ಮಾದೇವಿ ತೀರ್ಮಾನಿಸಿದ್ದರು, ಮತ್ತು ಆ ಮನೆಯಲ್ಲಿ ಮಾದೇವಿಯ ತೀರ್ಮಾನಕ್ಕೆ ಮೇಲ್ಮನವಿ ಇರಲಿಲ್ಲ. ಅಂದು ಶಿಗ್ಗಾಂವದಲ್ಲಿ ಮಾದೇವಿಯ ತಂಗಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಅವರು ಹೂಂ ಅಂದರೆ ಉಳಿವೆಪ್ಪನಿಗೆ ಮರುದಿನದಿಂದಲೇ ಕೆಲಸ.

ಮುಂಜಾನೆ ಬಂದವನೇ ಅವನು ಕಾರು ತೊಳೆದ, ವಿಭೂತಿ ಹಚ್ಚಿದ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟ. ಊದಿನಕಡ್ಡಿ ಸಿಕ್ಕಿಸಲು ಮಾತ್ರ ಜಾಗವಿರಲಿಲ್ಲ. ಅವನ ಟ್ರ್ಯಾಕ್ಸಿನಲ್ಲಾದರೆ ಎಲ್ಲಿ ನೋಡಿದರಲ್ಲಿ ಬಿರುಕು, ಇಲ್ಲಿ ಎಲ್ಲವೂ ನುಣುಪು. ಹುಡುಕುತ್ತ ಹೋದಾಗ ಸ್ಟಿಯರಿಂಗಿನ ಪಕ್ಕ ಐದಾರು ಸಣ್ಣ ತೂತುಗಳ ಒಂದು ಜಾಳಿಗೆ ಕಂಡಿತು. ಕಂಪನಿಯವರು ದೈವಭಕ್ತರೇ ಇರಬೇಕೆಂದು ಮೆಚ್ಚಿಕೊಂಡು ಎರಡು ಕಡ್ಡಿಗಳನ್ನು ಅದರಲ್ಲಿ ಭದ್ರವಾಗಿ ಸಿಕ್ಕಿಸಿದ. ಬಾಗಿಲಲ್ಲಿ ನಿಂತಿದ್ದ ಮಾದೇವಿ, ಮನುಷ್ಯ ಸಂಸ್ಕಾರವಂತ ಎಂದು ಸೊಸೆಗೆ ಕೇಳಿಸುವಂತೆ ಹೇಳಿದರು. ಅರ್ಧ ಕೆಲಸ ಸಿಕ್ಕಂತೆಯೇ ಆಯಿತು.

ನಾಗರತ್ನಾ ಮುಂದೆ ಕೂತಳು. ಹಿಂದೆ ಮಾದೇವಿ, ಅವರ ಪಕ್ಕದಲ್ಲಿ ನೆರೆಮನೆಯ ಮಾಲಾ ಟೀಚರ್. ಟೀಚರ್ ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಕಲಿಸುವುದನ್ನು ಬಿಟ್ಟಿರಲಿಲ್ಲ. ಎಸಿ ಹಾಕಲು ಬರುತ್ತದೆಯೇ ಎಂದು ಮಾದೇವಿ ಕೇಳಿದರು.

“ಎಲ್ಲಾ ಗೊತ್ತೈತ್ರಿ ಅವ್ವಾರ” ಎಂದ ಉಳಿವೆಪ್ಪ. ಅವನ ಟ್ರ್ಯಾಕ್ಸಿನಲ್ಲಿ ತಂಪಿಗಿದ್ದ ಒಂದೇ ವ್ಯವಸ್ಥೆಯೆಂದರೆ ಹಿಂದಿನ ಒಡೆದ ಗಾಜು.

ಗುಂಡಿಗಳ ಮೇಲೆ ಬೆರಳಾಡಿಸಿದಾಗ ಎಸಿ ಹೇಗೋ ಹತ್ತಿಕೊಂಡಿತು, ಊರು ದಾಟುವಷ್ಟರಲ್ಲಿ ಗಾಳಿ ಜೋರಾಯಿತು. ಊದಿನಕಡ್ಡಿ ಉರಿದು ಬೂದಿಯಾದರೂ ಗಾಳಿ ತಗ್ಗಲಿಲ್ಲ. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಹಲ್ಲು ಕಟಕಟಿಸುವ ಚಳಿ. ಗುಂಡಿಗಳ ಮೇಲಿದ್ದ ಪುಟ್ಟ ಪರದೆಯಲ್ಲಿ ಇಪ್ಪತ್ನಾಲ್ಕು ಎಂದಿತ್ತು. ಟೀಚರ್ ಮುಂದೆ ಬಾಗಿ ನೋಡಿ, ತಮ್ಮ ಮನೆಯ ಫ್ಯಾನಿಗೆ ಐದೇ ನಂಬರ್ ಇರುವುದು, ಇಪ್ಪತ್ನಾಲ್ಕಕ್ಕೆ ಇಟ್ಟರೆ ಚಳಿ ಹತ್ತದೇ ಇರುತ್ತದೆಯೇ, ಇಳಿಸು ಎಂದರು. ಉಳಿವೆಪ್ಪನಿಗೂ ಅದು ನ್ಯಾಯವೆನಿಸಿತು. ಇಪ್ಪತ್ತೆರಡಕ್ಕೆ ಇಳಿಸಿದ. ಗಾಳಿ ಇನ್ನೂ ತಣ್ಣಗಾಯಿತು. ಹದಿನೆಂಟಕ್ಕೆ ತಂದ. ಟೀಚರರ ಉಪದೇಶ ಮೊದಲ ಬಾರಿಗೆ ನಡುಗಿತು.

ಗಾಜು ಇಳಿಸಿದರೆ ಧೂಳು ಬಂದು ಮಾದೇವಿಯ ಇಳಕಲ್ಲ ಸೀರೆಯ ಮೇಲೆ ಕೂತಿತು. ಬೈಸಿಕೊಂಡು ಏರಿಸಿದ. ಪೂರ್ತಿ ಬಂದ್ ಮಾಡುವ ಗುಂಡಿ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಕೇಳಿದರೆ ‘ಎಲ್ಲಾ ಗೊತ್ತೈತಿ’ ಅಂದದ್ದು ಸುಳ್ಳಾಗುತ್ತದೆ, ಕೆಲಸ ಹೋಗುತ್ತದೆ. ನಾಗರತ್ನಾ ಮಾತ್ರ ಮುಂದಿನ ಡಬ್ಬಿಯಲ್ಲಿದ್ದ ಕಾರಿನ ದಪ್ಪ ಪುಸ್ತಕ ತೆಗೆದು ಪುಟ ತಿರುವುತ್ತಿದ್ದಳು.

ಕೊನೆಗೆ ಮಾದೇವಿ ಕೂಸಿಗೆಂದು ತಂದಿದ್ದ ಹೊಸ ಕೌದಿಯನ್ನು ಬಿಚ್ಚಿದರು. ತೊಟ್ಟಿಲಿನ ಅಳತೆಯ ಆ ಕೌದಿಯೊಳಗೆ ಇಬ್ಬರು ದೊಡ್ಡ ಹೆಂಗಸರು ಹೇಗೋ ಹೊಕ್ಕರು.

ತಿಳವಳ್ಳಿಯ ಬಸ್ ನಿಲ್ದಾಣ ಬಂದಾಗ ಉಳಿವೆಪ್ಪ ಬೇಕೆಂದೇ ಗಾಡಿ ನಿಧಾನ ಮಾಡಿದ. ಹೊಸ ಕಾರಿನಲ್ಲಿ ತನ್ನನ್ನು ಊರವರು ನೋಡಲೆಂಬ ಆಸೆ. ಚಹಾದಂಗಡಿಯ ಫಾರೂಕ ಓಡಿಬಂದ. ಸುಡುವ ಬಿಸಿಲಲ್ಲಿ ಕೌದಿ ಹೊದ್ದ ಇಬ್ಬರನ್ನು ಗಾಜಿನಿಂದ ಇಣುಕಿ ನೋಡಿ ದನಿ ತಗ್ಗಿಸಿದ.

“ಯಾವ ದವಾಖಾನಿಗೆ ಹೊಂಟೀ? ಹಿರ್ಯಾರಿಗೆ ಭಾಳ ಜ್ವರ ಬಂದಾವೇನು?”

ಮಾದೇವಿಯ ಮುಖ ನೋಡಿ ಉಳಿವೆಪ್ಪ ಗಾಡಿ ಬಿಟ್ಟ.

ಹಾನಗಲ್ಲ ದಾಟಿ ಬಂಕಾಪುರಕ್ಕೆ ಬಂದಾಗ ಅವನಿಗೆ ಬೇರೆ ದಾರಿ ಉಳಿಯಲಿಲ್ಲ. ಅಲ್ಲಿಯ ಮೆಕ್ಯಾನಿಕ್ ಶಹಾಬುದ್ದೀನ ಹಳೇ ಪರಿಚಯ, ಅವನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದ. ಅವನು ಒಳಗೆ ಕೈಯಿಟ್ಟು ನೋಡಿದ, ಪರದೆ ನೋಡಿದ, ಆಮೇಲೆ ಜಾಳಿಗೆ ನೋಡಿದ. ಚಿಮಟಿಗೆಯಿಂದ ಎರಡು ಕಡ್ಡಿಯ ತುಂಡುಗಳನ್ನು ಹಿರಿದು ಉಳಿವೆಪ್ಪನ ಅಂಗೈಯಲ್ಲಿಟ್ಟ.

“ಅಣ್ಣಾ, ಇದು ಗಾಡಿ ಮೂಗು. ಒಳಗಿನ ಗಾಳಿ ಎಳಕೊಂಡು ಎಷ್ಟು ಕಾವೈತಿ ಅಂತ ನೋಡ್ತೈತಿ. ನೀ ಮೂಗಿಗೇ ಬೆಂಕಿ ಹಚ್ಚೀದಿ, ಆಮ್ಯಾಲ ಬೂದಿ ಹೋಗಿ ಕಟ್ಟೈತಿ. ಒಳಗ ಮಂದಿ ನಡಗಿದ್ರೂ ಅದಕ್ಕ ಸೆಕಿನ ಗೊತ್ತಾಗತೈತಿ. ಪಾಪ, ನಿಮ್ಮನ್ನ ಉಳಸಾಕ ಥಂಡಿ ಗಾಳಿ ಬಿಡಾಕತ್ತೈತಿ.”

ಆ ನಂಬರು ಫ್ಯಾನಿನ ವೇಗವಲ್ಲ, ಬೇಕಾದ ಕಾವಿನ ಲೆಕ್ಕ, ಇಳಿಸಿದಷ್ಟೂ ಚಳಿ ಹೆಚ್ಚುತ್ತದೆ ಎಂದೂ ಅವನು ತಿಳಿಸಿದ. ಟೀಚರ್ ಕಿಟಕಿಯಾಚೆ ನೋಡತೊಡಗಿದರು. ಮುಂದಿನ ಗಾಜಿನ ಬುಡದಲ್ಲಿದ್ದ ಕರೀ ಗುಂಡು ಗಾಡಿಯ ಕಣ್ಣಂತೆ, ಅದು ಬಿಸಿಲು ಅಳೆಯುತ್ತದಂತೆ. ಕಣ್ಣು ಮೂಗು ಎರಡನ್ನೂ ಕೇಳಿ, ತಣ್ಣನೆಯ ಗಾಳಿಗೆ ಬಿಸಿಗಾಳಿ ಎಷ್ಟು ಬೆರೆಸಬೇಕು, ಫ್ಯಾನು ಎಷ್ಟು ತಿರುಗಬೇಕು ಎಂದು ಗಾಡಿಯೇ ನಿಶ್ಚಯಿಸುತ್ತದಂತೆ. ಶಹಾಬುದ್ದೀನ ಬೂದಿ ಊದಿ ತೆಗೆದು, ಇಪ್ಪತ್ನಾಲ್ಕಕ್ಕೆ ಇಟ್ಟ. ಸ್ವಲ್ಪ ಹೊತ್ತಿನಲ್ಲಿ ಗಾಳಿ ತಗ್ಗಿತು, ಒಳಗೆ ಕಾರ್ತಿಕದ ಸಂಜೆಯಂಥ ಹಿತ.

ಉಳಿವೆಪ್ಪ ಕಡ್ಡಿಯ ತುಂಡು ಹಿಡಿದು ತಲೆ ತಗ್ಗಿಸಿದ್ದ. ಮಾದೇವಿ ಕೌದಿ ಮಡಿಚುತ್ತ, ಭಕ್ತಿಯಿಂದಾದ ತಪ್ಪು, ನಡೆ ಎಂದರು. ಅವನಿಗೆ ಹೋದ ಜೀವ ಬಂದಂತಾಯಿತು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಕತೆ ಸುಖವಾಗಿ ಮುಗಿಯುತ್ತಿತ್ತು.

ಶಿಗ್ಗಾಂವದಲ್ಲಿ ಕೂಸು ತೊಟ್ಟಿಲು ಸೇರಿತು, ಎಲ್ಲರ ಊಟವಾಯಿತು, ಬೀಗರೆಲ್ಲ ಕಾರು ನೋಡಲು ಬಂದರು. ಹೋದ ಮರ್ಯಾದೆ ಮರಳಿ ಗಳಿಸುವ ಹಟ ಉಳಿವೆಪ್ಪನಿಗೆ. ಮೂಗು ತೋರಿಸಿದ, ಕಣ್ಣು ತೋರಿಸಿದ, ಹುಟ್ಟಿದಾಗಿನಿಂದ ಇಂಥ ಗಾಡಿಯಲ್ಲೇ ಬೆಳೆದವನಂತೆ ಅರ್ಧ ಗಂಟೆ ಮಾತಾಡಿದ. ಬೀಗರು ತಲೆದೂಗಿದರು. ಮಾದೇವಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳಿದರು.

“ಹಂಗಾರ ಈ ಗುಂಡಿಗೆಲ್ಲಾ ನಾವು ಏನೂ ಮಾಡೂದು ಬ್ಯಾಡೇನು?”

“ಏನೂ ಬ್ಯಾಡ್ರಿ ಅವ್ವಾರ. ಒಮ್ಮೆ ಹಚ್ಚಿ ಬಿಟ್ರ ಅದು ತಾನ ನೋಡ್ಕೊಂತೈತಿ. ಗಾಡಿ ಯಾರ ಹೊಡದ್ರೂ ನಡೀತೈತಿ.”

ಮಾದೇವಿ ಅವನ ಕೈಯಿಂದ ಕೀಲಿ ಇಸಿದುಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿದರು.

“ನಾಗರತ್ನಾ, ಕೀಲಿ ತಗೋ. ಗುಂಡಿದ ಒಂದು ಅಂಜಿಕಿ ಇತ್ತು ನನಗ. ಈ ಪುಣ್ಯಾತ್ಮ ಅದನ್ನೂ ಬಿಡಿಸಿದ.”

ನಾಗರತ್ನಾ ಪರ್ಸಿನಿಂದ ಲೈಸೆನ್ಸ್ ತೆಗೆದು ನೋಡಿ ಮತ್ತೆ ಒಳಗಿಟ್ಟಳು. ಮೂರು ವರ್ಷದಿಂದ ಅದನ್ನು ಜೊತೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು. ಅವಳ ಮುಖದ ಸಂತೋಷ ನೋಡಿ ಉಳಿವೆಪ್ಪನಿಗೆ ಸಿಟ್ಟು ಮಾಡಲೂ ಆಗಲಿಲ್ಲ.

ಮರಳುವಾಗ ಅವನು ಎಡಗಡೆಯ ಸೀಟಿನಲ್ಲಿದ್ದ. ಹಾನಗಲ್ಲದ ಸಂತೆ ಮಂದಿಯ ನಡುವೆ ಅವಳು ಗಾಡಿಯನ್ನು ನಾಜೂಕಾಗಿ ದಾಟಿಸಿದಳು. ಕೈ ಸುಮ್ಮನಿರಲಾರದೆ ಅವನು ಒಂದು ಗುಂಡಿಯತ್ತ ಬೆರಳು ಚಾಚಿದ.

“ಕೈ ಹಚ್ಚಬ್ಯಾಡ್ರಿ ಅಣ್ಣಾರ” ಎಂದಳು ನಾಗರತ್ನಾ ರಸ್ತೆಯಿಂದ ಕಣ್ಣು ತೆಗೆಯದೆ. “ಅದು ತಾನ ನೋಡ್ಕೊಂತೈತಿ.”

ಅವನನ್ನು ತಿಳವಳ್ಳಿಯಲ್ಲಿ ಇಳಿಸಿ, ನಮಸ್ಕಾರ ಮಾಡಿ ಹೋದರು. ಕಾರು ತಿರುವು ದಾಟುವ ತನಕ ಉಳಿವೆಪ್ಪ ನೋಡಿದ. ಗಾಡಿ ಚೊಲೊ ಹೊಡೆಯುತ್ತಾಳೆ ಎಂದು ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಫಾರೂಕ ಚಹಾ ತಂದಿಟ್ಟು ಕೆಲಸ ಏನಾಯಿತೆಂದು ಕೇಳಿದ.

“ಭಾಳ ಚೊಲೊ ಮಾಡಿದ್ನೋ ಫಾರೂಕ” ಎಂದ ಉಳಿವೆಪ್ಪ. “ಎಷ್ಟು ಚೊಲೊ ಅಂದ್ರ, ಇನ್ನ ಅವರಿಗೆ ಡ್ರೈವರ್ ಬೇಕಾಗಿಲ್ಲ.”

ಇಬ್ಬರೂ ನಕ್ಕರು. ಚಹಾ ಮುಗಿಸಿ ಉಳಿವೆಪ್ಪ ಎದ್ದು ತನ್ನ ಟ್ರ್ಯಾಕ್ಸಿನ ಬಾಗಿಲು ತೆರೆದ. ಹಿಂದಿನ ಒಡೆದ ಗಾಜಿನಿಂದ ಕೆರೆಯ ಕಡೆಯ ಗಾಳಿ, ಯಾರೂ ಹೇಳದೆಯೇ, ತಂಪಾಗಿ ಬರುತ್ತಿತ್ತು. ಇಡೀ ದಿನ ಕೂಗದೇ ವಿಶ್ರಾಂತಿ ಪಡೆದ ಗಂಟಲನ್ನು ಸರಿಮಾಡಿಕೊಂಡು ಅವನು ‘ಹಾನಗಲ್ಲ, ಹಾನಗಲ್ಲ’ ಎಂದು ಕೂಗಿದ. ದನಿ ಎಂದಿಗಿಂತ ಚೆನ್ನಾಗಿ ಬಂತು.