ಚಿತ್ರದಲ್ಲಿ ಇರುವುದು ಯಾರು ಮಾರಾಯ್ರೆ?

ವ್ಯಂಗ್ಯಚಿತ್ರಕ್ಕೆ ಐಡಿಯಾ ಎಲ್ಲಿಂದ ಸಿಗ್ತದೆ ಅಂತ ಕೇಳುವವರಿಗೆಲ್ಲ ನಾನು ‘ಹಾಗೇ ತಲೆಗೆ ಬರ್ತದೆ’ ಅಂತೇನೆ. ಶುದ್ಧ ಸುಳ್ಳು. ಬಸ್ಸಿನಿಂದ, ಮದುವೆ ಊಟದ ಪಂಕ್ತಿಯಿಂದ, ಹತ್ತಿರದ ಸಂಬಂಧಿಕರಿಂದ ಕದ್ದು ತರುವುದು. ಹಾಗಾಗಿ ಭಾನುವಾರ ಪೇಪರು ಬಂದ ಮೇಲೆ ಪುಂಜಾಲಕಟ್ಟೆ ಪೇಟೆಯಲ್ಲಿ ಯಾರಾದರೂ ‘ಓ ಮಾರಾಯ್ರೆ, ನಿಲ್ಲಿ’ ಅಂದರೆ ನಾನು ಕೇಳಿಸದವನ ಹಾಗೆ ಬೇಗ ಬೇಗ ನಡೆಯುತ್ತೇನೆ. ಓದಿದವರು ನಗುತ್ತಾರೆ, ಬಿಡಿಸಿದವನು ವಾರವಿಡೀ ಹೆದರುತ್ತಾನೆ.

ಬಾಯಿ ತೆರೆದ ಮೇಲೆ

ಒಮ್ಮೆ ಗ್ಯಾರೇಜಿನ ಸ್ಪ್ಯಾನರ್ ಹಿಡಿದು ಹಲ್ಲು ಕೀಳುವ ಡಾಕ್ಟರನ್ನು ಬಿಡಿಸಿದ್ದೆ. ಮರುವಾರವೇ ನನ್ನ ದವಡೆ ಹಲ್ಲು ಸಿಡಿಯಲು ಶುರುವಾಯಿತು. ಮೂಡುಬಿದಿರೆಯ ದಂತವೈದ್ಯರ ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದ ಮೇಲೆ ಅವರು ಮೆಲ್ಲ ಕೇಳಿದರು, “ಆ ಸ್ಪ್ಯಾನರಿನ ಚಿತ್ರ ನಿಮ್ಮದೇ ಅಲ್ವಾ?”

ನನ್ನ ಬಾಯಲ್ಲಿ ಅವರ ಬೆರಳು, ಅವರ ಕೈಯಲ್ಲಿ ಇಕ್ಕಳ. ಇಲ್ಲ ಅನ್ನಲಿಕ್ಕೂ ಆಗುವುದಿಲ್ಲ, ಓಡಲಿಕ್ಕೂ ಆಗುವುದಿಲ್ಲ. ಮುಗಿಯಿತು ನನ್ನ ಕಥೆ ಅಂತ ಕಣ್ಣು ಮುಚ್ಚಿದೆ.

“ಚಿತ್ರ ಚಂದ ಉಂಟು. ಆದರೆ ಹಿಡಿತ ತಪ್ಪು. ಎಡಗೈಯಲ್ಲಿ ದವಡೆ ಅಮುಕಿ ಹಿಡಿಯಬೇಕು. ಕಣ್ಣು ಬಿಡಿ, ನಿಧಾನ ಮಾಡಿ ತೋರಿಸ್ತೇನೆ.”

ಪಕ್ಕದ ಎಲೆ

ನಮ್ಮ ಮಾವನಿಗೆ ಶುಗರ್ ಉಂಟು. ಮದುವೆ ಊಟಕ್ಕೆ ಕೂತರೆ ಎದುರು ಸಾಲಿನಿಂದ ಅತ್ತೆ ನೋಡುತ್ತಿರುತ್ತಾರೆ. ಅದಕ್ಕೆ ಅವರು ಪಕ್ಕದ ಜಾಗದಲ್ಲಿ ತಮ್ಮ ಚೀಲ ಇಡುವುದು. ಹೋಳಿಗೆ ಬಂದಾಗ “ನನಗೆ ಬೇಡಪ್ಪ, ಇವರು ಕೈ ತೊಳೀಲಿಕ್ಕೆ ಹೋಗಿದ್ದಾರೆ, ಇವರಿಗೆ ಎರಡು ಹಾಕಿ” ಅನ್ನುವುದು. ಅತ್ತೆ ಆಚೆ ತಿರುಗಿದಾಗ ಆ ಎಲೆ ಖಾಲಿ.

ಇಷ್ಟು ಒಳ್ಳೆಯ ಐಡಿಯಾ ಬಿಡಲು ಮನಸ್ಸು ಬರಲಿಲ್ಲ. ಮುಖ ಬದಲಿಸಿ ಬಿಡಿಸಿದೆ. ಸೋಮವಾರ ಬೆಳಿಗ್ಗೆ ಪೇಟೆಯ ಹೋಟೆಲಿನ ಧಣಿ ಪೇಪರು ಹಿಡಿದು ನಮ್ಮ ಅಂಗಳಕ್ಕೇ ಬಂದರು.

“ಇದು ನಾನೇ! ಹೆಂಡತಿ ನೋಡಿ ನಿನ್ನೆಯಿಂದ ಸಕ್ಕರೆ ಹಾಕದ ಚಪ್ಪೆ ಚಾ ಕೊಡ್ತಾ ಇದ್ದಾಳೆ. ನಡೀರಿ, ಧರ್ಮಸ್ಥಳಕ್ಕೆ ಹೋಗುವ. ಇದು ನಾನಲ್ಲ ಅಂತ ಅವಳ ಎದುರು ಆಣೆ ಹಾಕಿ. ಮತ್ತೆ ಯಾರು ಅಂತಲೂ ಅಲ್ಲೇ ಹೇಳಿ!”

ಅತ್ತೆಯ ಜೊತೆ ಮುಂಡಾಜೆಯಿಂದ ಬಂದಿದ್ದ ಮಾವ ಒಳಗೆ ಚಾ ಕುಡಿಯುತ್ತಿದ್ದರು. ಪೇಪರು ನೋಡದ ಅವರು ಗತ್ತಿನಿಂದ ಹೊರಗೆ ಬಂದರು. “ನಮ್ಮ ಅಳಿಯ ಆಣೆಗೆ ಹೆದರುವವರಲ್ಲ. ನಾವೂ ಬರ್ತೇವೆ!”

ದಾರಿಯಲ್ಲಿ

ದುಡ್ಡು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಅಂತಾರೆ. ಅಲ್ಲಿ ಸುಳ್ಳು ಹೇಳುವ ಧೈರ್ಯ ಯಾರಿಗುಂಟು? ನಿಜ ಹೇಳಿದರೆ ಮಾವನ ಮರ್ಯಾದೆ ಹೋಗುತ್ತದೆ, ನನಗೆ ಮನೆಯಲ್ಲಿ ಅನ್ನ ಹುಟ್ಟುವುದಿಲ್ಲ. ಕಾರು ಓಡಿಸುವಾಗ ಸ್ಟೇರಿಂಗ್ ಬೆವರಿಗೆ ಜಾರುತ್ತಿತ್ತು. ಪಕ್ಕದಲ್ಲಿ ಧಣಿ, ಹಿಂದೆ ಮಾವ, ಅತ್ತೆ, ಪೇಟೆಯಲ್ಲಿ ಹತ್ತಿಸಿಕೊಂಡ ಧಣಿಯ ಹೆಂಡತಿ.

ಬೆಳ್ತಂಗಡಿ ದಾಟಿದ ಮೇಲೆ ಧಣಿ ಪೇಪರನ್ನು ಹಿಂದಕ್ಕೆ ಕೊಟ್ಟರು. “ನೀವೇ ನೋಡಿ, ನ್ಯಾಯ ಹೇಳಿ.”

ಮಾವ ನೋಡಿದರು. ನಾನು ಕನ್ನಡಿಯಲ್ಲಿ ಅವರ ಮುಖ ನೋಡಿದೆ, ಗುರುತು ಹತ್ತಿತ್ತು. ಅವರು ಮುಂದೆ ಬಾಗಿ ಧಣಿಯ ಕಿವಿಯಲ್ಲಿ ಪಿಸುಗುಟ್ಟಿದರು, “ಆಣೆಗೀಣೆ ಬೇಡ ಧಣಿ. ನನ್ನ ಹೆಸರು ಮುಚ್ಚಲಿಕ್ಕೆ ಅಳಿಯ ಸುಳ್ಳು ಆಣೆ ಹಾಕಿದರೆ ನನ್ನ ಮಗಳ ಗತಿ ಎಂತ? ಅದು ನಾನು. ಆ ಚೀಲ ನನ್ನದೇ.”

ಧಣಿಗೆ ಸಿಟ್ಟು ನೆತ್ತಿಗೇರಿತು. ಕಾರಿನ ಗಾಜು ಅದುರುವ ಹಾಗೆ ಕೂಗಿದರು, “ನಿಮ್ಮದು ಹೇಗೆ ಆಗ್ತದೆ? ಚೀಲ ಇಡುವ ಉಪಾಯ ನನ್ನದು! ನನ್ನ ಮಗನ ಮದುವೆಯಲ್ಲೂ ಮಾಡಿದ್ದೇನೆ!”

ಹಿಂದಿನ ಸೀಟಿನಲ್ಲಿ ಹೆಂಗಸರಿಬ್ಬರೂ ನೆಟ್ಟಗೆ ಕೂತರು. ನಾನು ಹೆದರಿ ಹೆದರಿ ಕೇಳಿದೆ, “ಹಾಗಾದರೆ... ಗಾಡಿ ತಿರುಗಿಸುವುದಾ?”

“ಬೇಡ,” ಅಂದರು ಅತ್ತೆ ಹಿಂದಿನಿಂದ, “ಆಣೆ ಹಾಕಲಿಕ್ಕೆ ಈಗ ಸರಿಯಾದ ಜನ ಸಿಕ್ಕಿದ್ದಾರೆ.”

ಧಣಿಯ ಹೆಂಡತಿ ಹೇಳಿದರು, “ಹೋಳಿಗೆ ಒಂದೇ ಅಲ್ಲ ಅಕ್ಕ, ಪಾಯಸವನ್ನೂ ಸೇರಿಸುವ.”